ಅಡಿಕೆ ಅಂಗಳಕ್ಕೆ ಫೈಬರ್ ಕಾಂಕ್ರೀಟ್: ಕಲಸುವ ಹೊತ್ತಿಗೆ ಹತ್ತಿರ ನಿಲ್ಲಿ

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟಿತೆಂದರೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಂಗಳದ ಕೆಲಸ ಶುರು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಜೋರಾಗುವ ಮುಂಚೆ ಕಾಂಕ್ರೀಟ್ ಗಟ್ಟಿಯಾಗಬೇಕು, ಅಡಿಕೆ ಹರವಲು ಜಾಗ ಸಿದ್ಧವಾಗಬೇಕು. ಈಗ ಕಾಂಕ್ರೀಟಿಗೆ ಫೈಬರ್, ಅಂದರೆ ಸಣ್ಣ ಪ್ಲಾಸ್ಟಿಕ್ ನಾರು, ಹಾಕಿಸುವವರು ಜಾಸ್ತಿ. ಒಳ್ಳೆಯದೇ. ಆದರೆ ವಾರ ಕಳೆಯುವುದರೊಳಗೆ "ಫೈಬರ್ ಹಾಕಿಯೂ ಬಿರುಕು ಬಂತು" ಎಂಬ ಮಾತು ಕೇಳುತ್ತದೆ. ಹೋಗಿ ವಿಚಾರಿಸಿದರೆ ಬಹುತೇಕ ಕಡೆ ಕತೆ ಒಂದೇ. ಪೊಟ್ಟಣ ಒಡೆದು ಮಿಕ್ಸರಿನ ಬಾಯಿಗೆ ಒಟ್ಟಿಗೇ ಸುರಿದಿರುತ್ತಾರೆ. ಕಲಸಿದ ಮಾಲು ಬಿಗಿಯಾಯಿತೆಂದು ಮೇಲಿಂದ ಕೊಡಗಟ್ಟಲೆ ನೀರು ಬಿಟ್ಟಿರುತ್ತಾರೆ.

ಈ ನಾರಿನ ಕೆಲಸ ಏನು ಎಂಬುದು ಮೊದಲು ತಿಳಿದಿರಲಿ. ಅಂಗಳಕ್ಕೆ ಹಾಕುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಸಣ್ಣ ಎಳೆ. ಉದ್ದ ಸಾಮಾನ್ಯವಾಗಿ 12 ಮಿಲಿಮೀಟರ್. ತಲೆಕೂದಲಿಗಿಂತ ತೆಳು. ಒಂದು ಕಿಲೋದಲ್ಲಿ ಕೋಟಿಗಟ್ಟಲೆ ಎಳೆ ಇರುತ್ತವೆ. ಕಾಂಕ್ರೀಟ್ ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಮೇಲ್ಮೈಯ ನೀರು ಬೇಗ ಆರುತ್ತದೆ, ಮೇಲಿನ ಪದರ ಕುಗ್ಗುತ್ತದೆ. ಆಗ ಕಾಂಕ್ರೀಟಿಗೆ ಇನ್ನೂ ಬಲ ಬಂದಿರುವುದಿಲ್ಲ, ಹಾಗಾಗಿ ಸೀಳುತ್ತದೆ. ಆ ಹೊತ್ತಿನಲ್ಲಿ ಹಿಡಿದಿಡುವುದೇ ನಾರಿನ ಕೆಲಸ. ಹಿಂದೆ ಗೋಡೆಯ ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಿದ್ದರಲ್ಲ, ಅದೇ ಉಪಾಯ ಇದು.

ಕಬ್ಬಿಣದ ಜಾಗವನ್ನು ಇದು ತುಂಬುವುದಿಲ್ಲ. ಮಹಡಿಯ ಸ್ಲ್ಯಾಬು, ಬೀಮು, ಕಂಬ, ನೀರಿನ ಟ್ಯಾಂಕು, ಇವುಗಳಲ್ಲಿ "ಫೈಬರ್ ಇದೆ, ಕಂಬಿ ಕಡಿಮೆ ಮಾಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ನೆಲದ ಮೇಲೆ ಮಲಗಿರುವ ಅಂಗಳದ ಲೆಕ್ಕ ಬೇರೆ. ಅಲ್ಲಿ ಭಾರ ಹೊರುವುದು ಕೆಳಗಿನ ಮಣ್ಣು. ಅಂಗಳಕ್ಕೆ ಹಾಕುವ ಕಬ್ಬಿಣದ ಜಾಲರಿಯೂ ಹೆಚ್ಚಾಗಿ ದಂಡವೇ. ಜಾಲರಿಯನ್ನು ನೆಲದ ಮೇಲೆ ಹಾಸಿ, ಅದರ ಮೇಲೇ ತುಳಿದಾಡುತ್ತಾ ಕಾಂಕ್ರೀಟ್ ಸುರಿಯುತ್ತಾರೆ. ಅದು ತಳಕ್ಕೆ ಅಂಟಿಕೊಂಡು ಉಳಿಯುತ್ತದೆ, ಬಿರುಕು ಹುಟ್ಟುವುದು ಮೇಲೆ. ಕಾರವಾರ, ಅಂಕೋಲಾ, ಕುಮಟಾ ಕಡೆಯಾದರೆ ಉಪ್ಪುಗಾಳಿಗೆ ಜಾಲರಿ ತುಕ್ಕು ಹಿಡಿದು ಉಬ್ಬಿ, ಇದ್ದ ಕಾಂಕ್ರೀಟನ್ನೂ ಎಬ್ಬಿಸುತ್ತದೆ. ಪಾಲಿಪ್ರೊಪಿಲೀನ್‌ಗೆ ಉಪ್ಪಿನ ಭಯವಿಲ್ಲ, ಸಿಮೆಂಟಿನ ಕ್ಷಾರದ ಭಯವೂ ಇಲ್ಲ, ನೀರನ್ನೂ ಹೀರುವುದಿಲ್ಲ. ಹಾಗಾಗಿ ಕರಾವಳಿಯ ಅಂಗಳಕ್ಕೆ ನಾನು ಇದನ್ನೇ ಹೇಳುವುದು.

ಕೊಳ್ಳುವಾಗ

ಪೊಟ್ಟಣದ ಮೇಲೆ ಮೂರು ವಿಷಯ ಇರಲೇಬೇಕು: ಯಾವ ವಸ್ತು, ಎಷ್ಟು ಉದ್ದ, ಸಿಮೆಂಟಿನ ಚೀಲಕ್ಕೆ ಎಷ್ಟು ಗ್ರಾಂ. ಒಂದು ಅಂಗಡಿಯಲ್ಲಿ ಹೆಸರೇ ಇಲ್ಲದ ಬಿಳಿ ಕವರನ್ನು "ಎಲ್ಲ ಒಂದೇ, ತಗೊಂಡೋಗಿ" ಎಂದು ನನ್ನ ಕೈಗಿಟ್ಟಿದ್ದರು. ಒಳಗೆ ಒಂದೊಂದು ದಾರ ಒಂದೊಂದು ಉದ್ದ. ಅಂಥದ್ದು ಬೇಡ.

ಪರೀಕ್ಷೆ ಸುಲಭ. ಬಕೆಟ್ ನೀರಿಗೆ ಒಂದು ಹನಿ ಸಾಬೂನು ನೀರು ಹಾಕಿ, ಒಂದು ಚಿಟಿಕೆ ಎಳೆ ಬಿಟ್ಟು ಚೆನ್ನಾಗಿ ಕಲಕಿ, ಸ್ವಲ್ಪ ಹೊತ್ತು ಬಿಡಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೆ ಬರುತ್ತದೆ. ಪಾಲಿಯೆಸ್ಟರ್, ನೈಲಾನ್ ಎರಡೂ ಮುಳುಗುತ್ತವೆ. ಪಾಲಿಯೆಸ್ಟರ್ ನಾರು ನಮ್ಮಲ್ಲಿ ಬೇಕಾದಷ್ಟು ಮಾರಾಟವಾಗುತ್ತದೆ. ಮೊದಲ ದಿನದ ಬಿರುಕು ತಡೆಯಲು ಅದೂ ಸಾಕು. ಆದರೆ ಒದ್ದೆ ಕಾಂಕ್ರೀಟಿನೊಳಗಿನ ಕ್ಷಾರಕ್ಕೆ ಪಾಲಿಯೆಸ್ಟರ್ ಕ್ರಮೇಣ ಸವೆಯುತ್ತದೆ. ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಅಂಗಳಕ್ಕೆ ಪಾಲಿಪ್ರೊಪಿಲೀನ್ ಹಾಕಿ.

ಹಳೆ ಮೀನುಬಲೆ ಕತ್ತರಿಸಿ ಹಾಕಿದರೆ ಆಗದೇ ಎಂದು ಕರಾವಳಿಯಲ್ಲಿ ಕೇಳುತ್ತಾರೆ. ಬಲೆಯದು ಹೊಸೆದ ದಾರ, ಮೇಲಾಗಿ ಗಂಟುಗಂಟು. ಅದು ಎಳೆ ಎಳೆಯಾಗಿ ಬಿಡುವುದಿಲ್ಲ, ಜೊತೆಗೆ ಉಪ್ಪು ಅಂಟಿರುತ್ತದೆ. ಪ್ರಯೋಗಶಾಲೆಯಲ್ಲಿ ತೊಳೆದು ಅಳತೆಗೆ ಕತ್ತರಿಸಿ ನೋಡುವುದು ಬೇರೆ, ಮನೆಯಂಗಳಕ್ಕೆ ಸುರಿಯುವುದು ಬೇರೆ.

20 ಅಡಿಗೆ 30 ಅಡಿಯ ಅಂಗಳ, 4 ಇಂಚು ದಪ್ಪ ಎಂದುಕೊಳ್ಳಿ. 200 ಘನ ಅಡಿ ಕಾಂಕ್ರೀಟ್ ಬೇಕು, ಸುಮಾರು 5.7 ಘನ ಮೀಟರ್. ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ ಲೆಕ್ಕಕ್ಕೆ 45 ಚೀಲ ಸಿಮೆಂಟ್ ಹಿಡಿಯುತ್ತದೆ. ಚೀಲಕ್ಕೆ 125 ಗ್ರಾಂ ಫೈಬರ್ ಎಂದರೆ ಐದೂವರೆ ಕಿಲೋಗೆ ತುಸು ಮೇಲೆ ಆಯಿತು. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಗಟ್ಟಿಯಾಗುವುದಿಲ್ಲ, ಉಂಡೆ ಕಟ್ಟುತ್ತದೆ ಅಷ್ಟೆ.

ನೆಲ

ಹುಲ್ಲು, ಬೇರು, ಮೆದು ಮಣ್ಣು ತೆಗೆದು, ಜಲ್ಲಿ ಅಥವಾ ಚಿರೆಕಲ್ಲಿನ ಚೂರು ಹಾಸಿ, ನೀರು ಹಾಕಿ ದಿಮ್ಮಸು ಹೊಡೆಯಿರಿ. ನೂರು ಅಡಿಗೆ ಒಂದಡಿ ಇಳಿಜಾರು ಈಗಲೇ ಕೊಡಿ, ಕಾಂಕ್ರೀಟಿನಲ್ಲಿ ಸರಿ ಮಾಡಿದರಾಯಿತು ಎನ್ನಬೇಡಿ. ಅಘನಾಶಿನಿ ಹೊಳೆ ಪಕ್ಕದ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿನಂಥ ಮೆತ್ತನೆ ಜಾಗವಾದರೆ ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದೂ ಹೆಚ್ಚಾಗಿ ಪಾಲಿಪ್ರೊಪಿಲೀನ್‌ನದೇ. ನೀರು ಅದರೊಳಗೆ ಹಾಯುತ್ತದೆ, ಜಲ್ಲಿ ಕೆಸರಿಗೆ ಇಳಿಯುವುದಿಲ್ಲ.

ಕಲಸುವುದು

ಇಲ್ಲಿ ನೀವೇ ನಿಂತಿರಬೇಕು. ಚಹಾ ಮಾಡಿಸಲು ಒಳಗೆ ಹೋದ ಹೊತ್ತಿನಲ್ಲೇ ಕೆಲಸ ಕೆಡುತ್ತದೆ.

ಹಿಂದಿನ ರಾತ್ರಿಯೇ ಒಂದು ಚೀಲಕ್ಕೆ ಒಂದರಂತೆ ಫೈಬರ್ ತೂಗಿ ಬೇರೆ ಬೇರೆ ಕವರಿಗೆ ತುಂಬಿ. ಚೀಲದ ಅಳತೆಯ ಪೊಟ್ಟಣವೇ ಸಿಕ್ಕಿದರೆ ಈ ಕೆಲಸ ಉಳಿಯಿತು. ಸಾಲಾಗಿ ಒತ್ತಿಕೊಂಡು ಬಂದಿರುವ ಎಳೆಗಳನ್ನು ಕೈಯಿಂದ ಉದುರಿಸಿ ಸಡಿಲ ಮಾಡಿಡಿ. ಗಾಳಿ ಇದ್ದರೆ ಇದನ್ನು ಒಳಗೆ ಕೂತು ಮಾಡಿ, ಇಲ್ಲವಾದರೆ ಅರ್ಧ ತೋಟಕ್ಕೆ ಹಾರಿಹೋಗುತ್ತದೆ.

ಒಂದು ಚೀಲದ ಮಿಕ್ಸರಿಗೆ ಹಾಕುವ ಕ್ರಮ ಹೀಗಿರಲಿ. ಮೊದಲು ಜಲ್ಲಿ, ಅದರ ಜೊತೆ ಅಳೆದ ನೀರಿನಲ್ಲಿ ಅರ್ಧ. ಡ್ರಮ್ಮು ತಿರುಗುತ್ತಿರುವಾಗಲೇ ಫೈಬರನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಜಲ್ಲಿ ಉರುಳುವಾಗಿನ ತಿಕ್ಕಾಟಕ್ಕೇ ಎಳೆ ಬಿಡಿಬಿಡಿಯಾಗುವುದು. ಒಂದು ನಿಮಿಷ ತಿರುಗಲಿ. ಆಮೇಲೆ ಮರಳು, ಸಿಮೆಂಟು, ಉಳಿದ ನೀರು. ಎಲ್ಲ ಬಿದ್ದ ಮೇಲೆ ನಾಲ್ಕೈದು ನಿಮಿಷ ತಿರುಗಲೇಬೇಕು. ಗುತ್ತಿಗೆಗೆ ಬಂದವರಿಗೆ ಅವಸರ ಇರುತ್ತದೆ, ಒಂದೂವರೆ ನಿಮಿಷಕ್ಕೆ ಮಗುಚಿಬಿಡುತ್ತಾರೆ. ಗಡಿಯಾರ ನೋಡಿ ನಿಲ್ಲಿ. ಸಿಮೆಂಟು, ನೀರು ಎಲ್ಲ ಬಿದ್ದ ಮೇಲೆ ಕೊನೆಗೆ ಫೈಬರ್ ಎಸೆಯುವ ಪದ್ಧತಿ ಬಹಳ ಕಡೆ ಇದೆ. ಅದನ್ನು ಮಾತ್ರ ಬಿಡಿಸಿ. ಒದ್ದೆ ಸಿಮೆಂಟಿಗೆ ಬಿದ್ದ ಕಟ್ಟು ಕಟ್ಟಾಗಿಯೇ ಉಳಿಯುತ್ತದೆ. ಮಿಕ್ಸರ್ ಇಲ್ಲದೆ ಕೈಯಲ್ಲಿ ಕಲಸುವವರು ಮರಳು ಮತ್ತು ಸಿಮೆಂಟ್ ಒಣದಾಗಿ ಬೆರೆಸಿ, ಹರವಿ, ಅದರ ಮೇಲೆ ಫೈಬರ್ ಉದುರಿಸಿ ಎರಡು ಮೂರು ಸಲ ಮಗುಚಿ ಆಮೇಲೆ ಜಲ್ಲಿ ಸೇರಿಸಬೇಕು.

ಇನ್ನು ನೀರು. ಫೈಬರ್ ಬಿದ್ದ ಮಾಲು ನೋಡಲು ಬಿಗಿಯಾಗಿ ಕಾಣುತ್ತದೆ. ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದರಿಂದ ಬಾಂಡ್ಲಿಯಿಂದ ಜಾರುವುದು ನಿಧಾನ. ಆಗ ಬರುವ ಮಾತು ಇದು: "ಹೆಗಡೇರೇ, ಮಾಲು ಬಿಗಿ ಆತು, ಒಂದು ಕೊಡ ನೀರು ಬಿಡ್ಲಾ?" ಬೇಡ ಅನ್ನಿ. 50 ಕಿಲೋ ಚೀಲಕ್ಕೆ 30 ಲೀಟರ್ ಎಂಬುದು ಈ ಅಳತೆಯ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಹೇಳುವ ಮೇಲಿನ ಮಿತಿ. ಬಿಸಿಲು ಮಳೆಗೆ ಒಡ್ಡಿಕೊಂಡಿರುವ ಅಂಗಳಕ್ಕೆ 25 ಲೀಟರಿಗೆ ನಿಲ್ಲಿಸುವುದು ಒಳ್ಳೆಯದು. ಅದರಲ್ಲೂ ಮರಳಿನೊಳಗಿನ ನೀರು ಸೇರಿದೆ. ಮಳೆಗಾಲ ಮುಗಿದ ಹೊಸತರಲ್ಲಿ ರಾಶಿ ಹಾಕಿದ ಮರಳು ಒದ್ದೆಯಾಗಿದ್ದರೆ ಚೀಲದ ಲೆಕ್ಕಕ್ಕೆ ನಾಲ್ಕು ಲೀಟರ್ ನೀರು ಅಲ್ಲೇ ಅಡಗಿರಬಹುದು. ಅಷ್ಟನ್ನು ಕಳೆಯಿರಿ.

ಬಿಗಿ ಸಡಿಲಿಸಲು ಪ್ಲಾಸ್ಟಿಸೈಜರ್ ಎಂಬ ದ್ರವ ಸಿಗುತ್ತದೆ. ಡಬ್ಬದ ಮೇಲೆ ಬರೆದಷ್ಟನ್ನು ಅಳೆದು, ಕೊನೆಯ ನೀರಿನ ಜೊತೆ ಹಾಕಿ. ಮಾಲು ಜಾರುತ್ತದೆ, ಬಲ ಕುಂದುವುದಿಲ್ಲ. ನೀರು ಜಾಸ್ತಿ ಮಾಡಿದರೆ ಆರುವಾಗ ಕುಗ್ಗುವುದೂ ಜಾಸ್ತಿ. ಬಿರುಕು ತಡೆಯಲೆಂದೇ ದುಡ್ಡು ಕೊಟ್ಟು ಫೈಬರ್ ತಂದು, ಅದರ ಹೆಸರಿನಲ್ಲೇ ನೀರು ಸುರಿದು ಬಿರುಕು ತರಿಸಿಕೊಳ್ಳುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಮೊದಲ ಕಲಸಿನಿಂದ ಒಂದು ಬೊಗಸೆ ಮಾಲು ತೆಗೆದು ಬಕೆಟ್ ನೀರಿನಲ್ಲಿ ತೊಳೆದು ನೋಡಿ. ಎಳೆ ಒಂದೊಂದೇ ತೇಲಿದರೆ ಸರಿ. ತುಪ್ಪಳದಂಥ ಉಂಡೆ ಸಿಕ್ಕರೆ ಇನ್ನೂ ಎರಡು ನಿಮಿಷ ತಿರುಗಿಸಿ, ಮುಂದಿನ ಸಲ ಉದುರಿಸುವುದನ್ನು ನಿಧಾನ ಮಾಡಿ.

ಕರಾವಳಿಯವರು ನೀರಿನ ರುಚಿಯನ್ನೂ ನೋಡಬೇಕು. ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ, ಕಬ್ಬಿಣವಿಲ್ಲದ್ದಕ್ಕೆ 2000 ಮಿಲಿಗ್ರಾಂ ಕ್ಲೋರೈಡ್ (ಉಪ್ಪಿನ ಅಂಶ) ತನಕ ಅದೇ ಐಎಸ್ 456 ಒಪ್ಪುತ್ತದೆ. ಫೈಬರ್ ಅಂಗಳದಲ್ಲಿ ತುಕ್ಕು ಹಿಡಿಯಲು ಏನೂ ಇಲ್ಲ, ನಿಜ. ಆದರೂ ಬಾವಿ ನೀರು ಉಪ್ಪಾಗಿದ್ದರೆ ಬಳಸಬೇಡಿ, ಅಳಿವೆಯ ಚಿಪ್ಪು ಬೆರೆತ ಮರಳೂ ಬೇಡ. ನೆಲದ ಮೇಲೆ ಬಿಳಿ ಉಪ್ಪು ಉಕ್ಕಿದರೆ ಅಲ್ಲಿ ಅಡಿಕೆಯಾಗಲಿ, ಸಂಡಿಗೆಯಾಗಲಿ ಒಣಗಿಸಲು ಮನಸ್ಸು ಬರುವುದಿಲ್ಲ.

ಹಾಸುವುದು, ಉಜ್ಜುವುದು

ಕೆಳಗಿನ ಹಾಸನ್ನು ನೀರು ಚಿಮುಕಿಸಿ ಒದ್ದೆ ಮಾಡಿ. ಮಾಲು ಸುರಿದು ಮಟ್ಟಗೋಲು ಎಳೆಯಿರಿ. ಆಮೇಲೆ ಸುಮ್ನೆ ಕಾಯಿರಿ. ಮೇಲೆ ಬಂದ ನೀರು ಇಂಗುವ ಮುಂಚೆ ಕರಣೆ ಆಡಿಸಿದರೆ ಎಳೆಗಳು ಮೇಲೆದ್ದು ನೆಲ ರೋಮ ಬಂದಂತೆ ಕಾಣುತ್ತದೆ. ಹೊಳಪು ಮಾಯವಾಗಿ, ಕಾಲಿಟ್ಟರೆ ತೆಳುವಾಗಿ ಹೆಜ್ಜೆ ಮೂಡುವ ಹದಕ್ಕೆ ಮರದ ಹಲಗೆಯಿಂದ ಉಜ್ಜಿ. ಒಣ ಸಿಮೆಂಟ್ ಪುಡಿ ಉದುರಿಸಿ ನುಣುಪು ಮಾಡುವ ಶಾರ್ಟ್‌ಕಟ್ಟಿಗೆ ಆಸೆಪಡಬೇಡಿ. ಆ ಪದರ ಚಕ್ಕೆಯಾಗಿ ಏಳುತ್ತದೆ. ಅದೂ ಅಲ್ಲದೆ, ಮಲೆನಾಡಿನ ಮಳೆಗೆ ನುಣುಪಾದ ಅಂಗಳದಲ್ಲಿ ಪಾಚಿ ಕಟ್ಟಿದರೆ ಮನೆಯ ಹಿರಿಯರು ಜಾರಿ ಬೀಳುತ್ತಾರೆ. ಒಂದೇ ದಿಕ್ಕಿಗೆ, ಇಳಿಜಾರಿನತ್ತ, ತೆಂಗಿನಕಡ್ಡಿ ಹಿಡಿಯಿಂದ ಹಗುರವಾಗಿ ಗೀರಿದ ನೆಲವೇ ನನ್ನ ಪ್ರಕಾರ ಒಳ್ಳೆಯದು. ಅಲ್ಲಲ್ಲಿ ಎದ್ದ ಎಳೆಗಳನ್ನು ಬೆಂಕಿ ಹಿಡಿದು ಸುಡಲು ಹೋಗಬೇಡಿ. ತಿರುಗಾಟಕ್ಕೆ ಸವೆದು ಹೋಗುತ್ತವೆ. ಮೊದಲ ಸಲ ಅಡಿಕೆ ಹರವುವ ಮುಂಚೆ ಒಮ್ಮೆ ಗಟ್ಟಿಯಾಗಿ ಉಜ್ಜಿ ತೊಳೆದು, ಆ ವರ್ಷಕ್ಕೆ ಮೇಲೊಂದು ತಾಡಪತ್ರಿ ಹಾಸಿಕೊಳ್ಳಿ.

ಬೆಂಕಿಯ ಮಾತು ಬಂದದ್ದಕ್ಕೆ ಒಂದು ವಿಷಯ. ಈ ನಾರು 160 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ದೊಡ್ಡ ಸುರಂಗಗಳ ಒಳಗೋಡೆಯ ಕಾಂಕ್ರೀಟಿಗೆ ಇದನ್ನು ಬೆರೆಸುವುದು ಆ ಗುಣಕ್ಕಾಗಿಯೇ. ಬೆಂಕಿ ಬಿದ್ದಾಗ ಎಳೆ ಕರಗಿ ಸಣ್ಣ ದಾರಿಗಳಾಗುತ್ತವೆ, ಒಳಗಿನ ನೀರಾವಿ ಹೊರಗೆ ಹೋಗುತ್ತದೆ, ಕಾಂಕ್ರೀಟ್ ಸಿಡಿಯುವುದು ಕಡಿಮೆಯಾಗುತ್ತದೆ.

ಗೀರು

ಫೈಬರ್ ಹಾಕಿದ್ದಕ್ಕೆ ಜಾಯಿಂಟ್, ಅಂದರೆ ಬಿರುಕು ಅಲ್ಲೇ ನೇರವಾಗಿ ಬರಲೆಂದು ಕೊಯ್ಯುವ ಗೀರು, ಬೇಡ ಎನ್ನುವವರ ಮಾತು ಕೇಳಬೇಡಿ. ತಿಂಗಳುಗಟ್ಟಲೆ ಆರುತ್ತಾ ಕುಗ್ಗುವ ಕಾಂಕ್ರೀಟನ್ನು ಈ ಸಣ್ಣ ಎಳೆ ತಡೆಯಲಾರದು. 4 ಇಂಚು ದಪ್ಪಕ್ಕೆ 8ರಿಂದ 10 ಅಡಿಗೊಂದು ಗೀರು ಬೇಕು, ಆಳ ಒಂದಿಂಚು. ಮೇಲೆ ಹೇಳಿದ ಅಂಗಳವನ್ನು ಹತ್ತಡಿಯ ಆರು ಚೌಕ ಮಾಡಿದರೆ ಸರಿಹೋಯಿತು. ಬೆಳಿಗ್ಗೆ ಹಾಕಿದ್ದಕ್ಕೆ ಅದೇ ದಿನ ಸಂಜೆಯೋ ರಾತ್ರಿಯೋ ಕಟರ್ ಓಡಿಸಬೇಕಾಗುತ್ತದೆ. ಒಂದು ಮೂಲೆಯಲ್ಲಿ ಓಡಿಸಿ ನೋಡಿ. ಅಂಚು ಕಿತ್ತು ಎಳೆ ಜಗ್ಗಿ ಬಂದರೆ ಇನ್ನೊಂದು ಗಂಟೆ ಬಿಡಿ. ನಾಡಿದ್ದು ಬರುತ್ತೇನೆ ಎನ್ನುವ ಕಟರಿನವನನ್ನು ನಂಬಿ ಕೂತರೆ ಅಷ್ಟರಲ್ಲಿ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿದಿರುತ್ತದೆ.

ನೀರುಣಿಸುವುದು

ಉಜ್ಜಿ ಮುಗಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಡಿಸೆಂಬರ್ ದಾಟಿದ ಮೇಲಿನ ಒಣಗಾಳಿಗೆ ಇದು ಇನ್ನೂ ಮುಖ್ಯ. ಮರುದಿನದಿಂದ ಒದ್ದೆ ಗೋಣಿಚೀಲ, ಅದರ ಮೇಲೆ ಅದೇ ಹಾಳೆ. ಈಗ ಬಹುತೇಕ ಸಿಗುವುದು ಬೂದಿ ಬೆರೆತ ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ಬೇಕು, 14 ದಿನ ಮಾಡಿ. ಕೆಮ್ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಕಲೆ ಹೋಗುವುದಿಲ್ಲ.

ಗಾಡಿ ಬರುವ ಅಂಗಳ

ಪಿಕಪ್ ಅಥವಾ ಟ್ರ್ಯಾಕ್ಟರ್ ಒಳಗೆ ಬರುವುದಾದರೆ ಈ ಸಣ್ಣ ಎಳೆಯನ್ನು ನಂಬಬೇಡಿ. ದಪ್ಪ 6 ಇಂಚು ಮಾಡಿ, ಮ್ಯಾಕ್ರೋ ಫೈಬರ್ ಕೇಳಿ. ಅದು 40ರಿಂದ 60 ಮಿಲಿಮೀಟರ್ ಉದ್ದದ ದಪ್ಪ ಎಳೆ. ಘನ ಮೀಟರಿಗೆ ಮೂರರಿಂದ ಆರು ಕಿಲೋ ಹಿಡಿಯುತ್ತದೆ, ನಿಖರ ಪ್ರಮಾಣವನ್ನು ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು. ಗೋದಾಮು, ಕಾರ್ಖಾನೆಗಳ ನೆಲದಲ್ಲಿ ಜಾಲರಿಯ ಬದಲು ಬಳಸುವುದು ಇದನ್ನೇ. ಮೀನು ಇಳಿಸುವ, ಐಸ್ ತುಂಬುವ, ದಿನವಿಡೀ ಉಪ್ಪುನೀರು ಹರಿಯುವ ಕಟ್ಟೆಗಳಿಗೂ ಒಪ್ಪುತ್ತದೆ. ಇದಕ್ಕೆ ಪ್ಲಾಸ್ಟಿಸೈಜರ್ ಇಲ್ಲದೆ ಕೈ ಹಾಕಲೇಬೇಡಿ. ಮಾಲು ಇನ್ನೂ ಬಿಗಿ ಇರುತ್ತದೆ, ನೀರಿನ ಕೊಡ ಇನ್ನೂ ಹತ್ತಿರ ಬರುತ್ತದೆ. ಹಾಕಿ 28 ದಿನ ಆಗುವ ತನಕ ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿ.