ಮೂಲೆ ಸೇರಿದ ರೋಡ್‌ಕಿಂಗ್: ಕಿಕ್ ಹೊಡೆಯುವ ಮುನ್ನ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ಅಲ್ಲಿ ತಯಾರಾದ ತೀರಾ ಕೊನೆಯ ಯೆಜ್ಡಿ ರೋಡ್‌ಕಿಂಗ್ ಬೈಕಿಗೂ ಈಗ ವಯಸ್ಸಾಗಿದೆ. ಕೊಟ್ಟಿಗೆಯಲ್ಲೋ ಮೆಟ್ಟಿಲ ಕೆಳಗೋ ಗೋಣಿಚೀಲ ಹೊದ್ದು ನಿಂತ ಇಂಥ ಗಾಡಿ ಕೈಗೆ ಬಂದರೆ ಜನ ಮೊದಲು ಕಿಕ್ ಹೊಡೆಯುತ್ತಾರೆ, ಆಮೇಲೆ ಪೇಂಟರ್‌ನನ್ನು ಹುಡುಕುತ್ತಾರೆ. ಎರಡೂ ಕೊನೆಗೆ ಮಾಡಬೇಕಾದ ಕೆಲಸ. ನಿಂತ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಸಾಯುವುದು ರಬ್ಬರ್. ಟೂ-ಸ್ಟ್ರೋಕ್ ಎಂಜಿನ್ ಉಸಿರಾಡುವುದೇ ಆ ರಬ್ಬರ್ ಸೀಲುಗಳ ಭರವಸೆಯ ಮೇಲೆ.

ಸ್ಪ್ಯಾನರ್ ಹಿಡಿಯುವ ಮುನ್ನ ಕಾಗದ ಪತ್ರ ನೋಡಿ. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ನೋಂದಣಿಯ ಆಯುಷ್ಯ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2021ರಲ್ಲಿ ಬಂದ ವಿಂಟೇಜ್ ನೋಂದಣಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ. 1978ರ ಮೊದಲ ರೋಡ್‌ಕಿಂಗ್‌ಗೂ ಆ ಭಾಗ್ಯ 2028ಕ್ಕೇ.

ಎಂಜಿನ್ ತಿರುಗುತ್ತದೆಯೇ?

ಪ್ಲಗ್ ಬಿಚ್ಚಿ, ರಂಧ್ರದೊಳಕ್ಕೆ ಟಾರ್ಚ್ ಬಿಡಿ. ಸಿಲಿಂಡರ್ ಗೋಡೆ ಬೆಳ್ಳಗೆ ಹೊಳೆದರೆ ಅದೃಷ್ಟ, ಕಂದು ಚುಕ್ಕೆ ಕಂಡರೆ ತುಕ್ಕು. ಏನೇ ಇರಲಿ, 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಮತ್ತು ಡೀಸೆಲ್ ಸಮ ಬೆರೆಸಿ 20–30 ಮಿ.ಲೀ. ಒಳಗೆ ಬಿಟ್ಟು ಎರಡು ದಿನ ಸುಮ್ಮನಿರಿ. ನಂತರ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಪಿಸ್ಟನ್ ಹಿಡಿದುಕೊಂಡಿದ್ದರೂ ಬಹಳ ಸಲ ಹೀಗೆ ಬಿಡುತ್ತದೆ. ಬಿಡದಿದ್ದರೆ ಮತ್ತೆರಡು ದಿನ ನೆನೆಯಲಿ. ಕಿಕ್ಕರ್ ಮೇಲೆ ಹತ್ತಿ ಕುಣಿದರೆ ಮಾತ್ರ ಕೆಲಸ ಕೆಟ್ಟಿತು. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಆ ಜಾಣತನದ ಬೆಲೆಯೆಂದರೆ ಒಳಗಿನ ಹಲ್ಲು ಮುರಿದರೆ ಎಂಜಿನ್ ಬಿಚ್ಚಲೇಬೇಕು.

ಈಗ ಗೇರ್ ಬಾಕ್ಸ್ ಆಯಿಲ್ ಇಳಿಸಿ. ಆ ಆಯಿಲ್ ಅರ್ಧ ರೋಗ ಹೇಳಿಬಿಡುತ್ತದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಹೊಡೆದರೆ ಟ್ಯಾಂಕಿನ ಕೀಲಿ (ಪೆಟ್ರೋಲ್ ಬಿಡುವ ನಲ್ಲಿ) ತೆರೆದೇ ನಿಲ್ಲಿಸಿದ್ದಾರೆ. ಪೆಟ್ರೋಲ್ ಕಾರ್ಬ್ಯುರೇಟರ್ ದಾಟಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದು, ಅದರ ಎಡಗಡೆಯ ರಬ್ಬರ್ ಸೀಲಿನಿಂದ ಗೇರ್ ಬಾಕ್ಸಿಗೆ ಬಂದಿದೆ.

ಈ ಎಡ ಸೀಲ್ ಪ್ರೈಮರಿ ಚೈನಿನ, ಅಂದರೆ ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನಿನ ಕಡೆಯದು. ಅದು ಹೋಗಿದ್ದರೆ ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ. ಗಾಡಿ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲುವುದಿಲ್ಲ, ಆಯಿಲ್ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ಬಲಗಡೆಯದು, ಅಂದರೆ ಡೈನಮೋ ಹಿಂದಿನದು, ಇದಕ್ಕಿಂತ ಮೋಸದ್ದು. ಅದು ಬಿರುಕು ಬಿಟ್ಟರೆ ಹೊಗೆ ಬರುವುದಿಲ್ಲ, ಆಯಿಲ್ ಸೋರುವುದಿಲ್ಲ, ಗಾಳಿ ಮಾತ್ರ ಕಳ್ಳತನದಲ್ಲಿ ಒಳಗೆ ಹೋಗುತ್ತದೆ. ಗಾಳಿ ಹೆಚ್ಚಾದ ಮಿಶ್ರಣ ಸುಡುಬಿಸಿಯಾಗಿ ಉರಿಯುತ್ತದೆ, ಅದರೊಂದಿಗೆ ಬರಬೇಕಾದ 2ಟಿ ಆಯಿಲೂ ಕಡಿಮೆಯಾಗುತ್ತದೆ. ಕೊನೆಗೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ಹತ್ತು ವರ್ಷ ನಿಂತ ಗಾಡಿಗೆ ಎರಡೂ ಸೀಲನ್ನು ಕೇಳದೆಯೇ ಬದಲಿಸಿ. ಹಳೆಯ ಸೀಲನ್ನು ಜೇಬಿನಲ್ಲಿಟ್ಟುಕೊಂಡೇ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ, ಅದರ ಮೇಲಿನ ಅಳತೆ ಓದಿ ಹೊಸದು ತನ್ನಿ. ಬರೇ 'ಯೆಜ್ಡಿ ಸೀಲ್' ಅಂದರೆ ಯಾವುದೋ ಒಂದು ಸಿಗುತ್ತದೆ.

ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಸಾಮಾನ್ಯ. ಹೊಸ ಆಯಿಲ್ ಹಾಕಿದ ಮೇಲೆ ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ನೂಕಿದರೆ 'ಟಕ್' ಎಂದು ಬಿಡುತ್ತದೆ. ಪ್ಲೇಟಿನ ಮೇಲಿನ ಕಾರ್ಕ್ ಪುಡಿಯಾಗಿದ್ದರೆ ಸೆಟ್ ಬದಲಿಸಿ.

ಟ್ಯಾಂಕ್

ಹಳೆಯ ಪೆಟ್ರೋಲ್ ವಾರ್ನಿಶ್ ವಾಸನೆ ಹೊಡೆಯುತ್ತದೆ. ಅದನ್ನು ಪೂರಾ ಚೆಲ್ಲಿ, ಕೀಲಿ ಬಿಚ್ಚಿ, ರಂಧ್ರಕ್ಕೆ ರಬ್ಬರ್ ಬಿರಡೆ ಹಾಕಿ. ಸೋಪು ನೀರಿನಲ್ಲಿ ಎರಡು ಸಲ ತೊಳೆದು ಜಿಡ್ಡು ತೆಗೆಯದಿದ್ದರೆ ಮುಂದಿನದು ಹಿಡಿಯುವುದಿಲ್ಲ. ನಂತರ ಉಗುರುಬೆಚ್ಚಗಿನ ನೀರಿಗೆ ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಟ್ಯಾಂಕ್ ತುಂಬಾ ತುಂಬಿಸಿ. ಒಳಗೆ ಹತ್ತಿಪ್ಪತ್ತು ನಟ್ಟು ಹಾಕಿ ಆಗಾಗ ಕುಲುಕಿ. 12 ಗಂಟೆಯಲ್ಲಿ ನೀರು ಹುಣಸೆ ರಸದಂತಾಗುತ್ತದೆ. 24 ಗಂಟೆ ಮೀರಿಸಬೇಡಿ, ಒಳ್ಳೆಯ ತಗಡನ್ನೂ ತಿನ್ನುತ್ತದೆ. ಹೊರಗೆ ಚೆಲ್ಲಿದ ಹನಿಯನ್ನು ತಕ್ಷಣ ಒರೆಸಿ. ಎಣಿಸಿ ಹಾಕಿದ ನಟ್ಟುಗಳನ್ನು ಎಣಿಸಿಯೇ ತೆಗೆಯಿರಿ.

ಆಮ್ಲ ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬ್ಲೋವರ್‌ನಿಂದ ಕೂಡಲೇ ಒಣಗಿಸಿ. ಇಲ್ಲಿ ಟೀ ಕುಡಿಯಲು ಹೋದರೆ ಬರುವಷ್ಟರಲ್ಲಿ ಹೊಳೆಯುವ ತಗಡಿನ ಮೇಲೆ ಹೊಸ ಕೆಂಪು ಪದರ ಕೂತಿರುತ್ತದೆ. ಒಣಗಿದೊಡನೆ 100 ಮಿ.ಲೀ. 2ಟಿ ಆಯಿಲ್ ಒಳಗೆ ಹೊರಳಾಡಿಸಿ.

ಪೆಟ್ರೋಲ್ ಪೈಪು, ಕೀಲಿಯ ವಾಷರ್ ಎಲ್ಲ ಹೊಸದಾಗಲಿ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿರುವ ಶೇ 20ರಷ್ಟು ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕೀಲಿ ಮುಚ್ಚಿ, ಕಾರ್ಬ್ಯುರೇಟರ್ ಖಾಲಿ ಮಾಡಿ. ಕಾರ್ಬ್ಯುರೇಟರ್ ಜಿಕೋವ್ ಆಗಲಿ ಮಿಕಾರ್ಬ್ ಆಗಲಿ, ಪೂರ್ತಿ ಬಿಚ್ಚಿ ಜೆಟ್ ರಂಧ್ರಗಳಿಗೆ ಗಾಳಿ ಹೊಡೆಯಿರಿ. ಸೂಜಿ, ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಮುಂದೆ ಎಷ್ಟು ಟ್ಯೂನ್ ಮಾಡಿದರೂ ನಿಲ್ಲದು.

ಕಿಡಿ ಮತ್ತು ಹೊಗೆ

ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚು) ಇರುವ ಗಾಡಿಯಲ್ಲಿ ಅದರ ಮುಖಕ್ಕೆ ಬಿಳಿ ಪೊರೆ ಕಟ್ಟಿರುತ್ತದೆ. 400 ನಂಬರ್ ಎಮರಿಯಲ್ಲಿ ಎರಡೆಳೆ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ ಎಳೆದು ಒರೆಸಿ. ಫೀಲರ್ ಗೇಜಿನಲ್ಲಿ ಅಂತರ 0.4 ಮಿ.ಮೀ., ಪ್ಲಗ್ಗಿಗೆ 0.6. ಕಂಡೆನ್ಸರ್ ಅಗ್ಗದ್ದು, ಬದಲಿಸಿಬಿಡಿ. ಬ್ಯಾಟರಿ-ಕಾಯಿಲ್ ಮಾದರಿಯಲ್ಲಿ ಬ್ಯಾಟರಿ ಸತ್ತಿದ್ದರೆ ಕಿಡಿಯೇ ಬರದು. 6 ವೋಲ್ಟೋ 12 ವೋಲ್ಟೋ ಎಂದು ನೋಡಿಕೊಂಡೇ ಹೊಸದು ಕೊಳ್ಳಿ.

ಎರಡೂ ಸೈಲೆನ್ಸರಿನ ಹಿಂಬದಿಗೆ ಟಾರ್ಚ್ ಬಿಡಿ. ಕಣಜದ ಮಣ್ಣಿನ ಗೂಡು, ಇಲಿ ತುಂಬಿದ ಹೊಟ್ಟು ಸಿಗುವುದು ಹೊಸದೇನಲ್ಲ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು ಮಸಿ ಕೆರೆಯಿರಿ. ಉಸಿರು ಕಟ್ಟಿದ ಟೂ-ಸ್ಟ್ರೋಕ್ ಎಳೆಯುವುದಿಲ್ಲ.

ಬ್ರೇಕ್ ಡ್ರಮ್ ಬಿಚ್ಚಿದಾಗ ಧೂಳನ್ನು ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಪಕ್ಕ ನಾಲ್ಕಂಕಿ ಇರುತ್ತದೆ: 3219 ಎಂದರೆ 2019ರ 32ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಎಷ್ಟೇ ಹಲ್ಲಿದ್ದರೂ ತೆಗೆದುಹಾಕಿ.

ಈಗ ಕಿಕ್. ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಬೆರೆಸಿ, ಬಯಲಿಗೆ ತಂದು ಹೊಡೆಯಿರಿ. ಮೊದಲ ಹತ್ತು ನಿಮಿಷ ಹೊಗೆ ಬರುವುದು ಸಹಜ, ನೀವು ಸುರಿದ ಆಯಿಲೇ ಅದು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಏರುತ್ತಾ ಹೋದರೆ ಇಗ್ನಿಷನ್ ಕೀಯಲ್ಲಿ ಆಫ್ ಮಾಡಿ. ಆಫ್ ಆಗದಿದ್ದರೆ ಚೋಕ್ ಎಳೆಯಿರಿ. ಮತ್ತೆ ಹೊಡೆಯುವ ಮುಂಚೆ ಕೇಬಲ್, ಕಾರ್ಬ್ಯುರೇಟರ್ ಜಾಯಿಂಟ್, ಬಲಗಡೆಯ ಸೀಲ್ ನೋಡಿ. ಎಲ್ಲ ಸರಿಯಿದ್ದರೆ ಐದು ಕಿಲೋಮೀಟರ್ ನಿಧಾನವಾಗಿ ಹೋಗಿ ಬಂದು ಪ್ಲಗ್ ಬಿಚ್ಚಿ. ಚಹಾ ಪುಡಿಯ ಕಂದು ಬಣ್ಣವಿದ್ದರೆ ಪೇಂಟರ್‌ಗೆ ಫೋನ್ ಮಾಡಬಹುದು. ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಇನ್ನೂ ಎಲ್ಲಿಂದಲೋ ನುಗ್ಗುತ್ತಿದೆ.