ಪಟಿಕದ ಹರಳು ಬೆಳೆಸುವುದು ಹೇಗೆ?

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಶಾಲೆಗಳಲ್ಲಿ ವಸ್ತು ಪ್ರದರ್ಶನ ಇಟ್ಟರೆ ಪಟಿಕದ ಹರಳು ತರುವ ಮಕ್ಕಳು ಇದ್ದೇ ಇರುತ್ತಾರೆ. ಹತ್ತಿರ ಹೋಗಿ ನೋಡಿದರೆ ದಾರದ ತುಂಬ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ, ಅಷ್ಟೇ. ಅವಸರ ಮಾಡಿದರೆ ಆಗುವುದೇ ಹಾಗೆ.

ಮೊದಲು ಪಟಿಕ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ವಾ, ಗಾಜಿನಂಥ ಆ ಗಟ್ಟಿಯೇ ಬೇಕು. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ನೀರು ತಿಳಿಯಾಗಿಸಲು ಮಾರುವ ಮಾಸಲು ಗಟ್ಟಿ ಎಷ್ಟೋ ಸಲ ಬರೀ ಅಲ್ಯುಮಿನಿಯಂ ಸಲ್ಫೇಟ್. ಅದರಲ್ಲಿ ಪೊಟ್ಯಾಸಿಯಂ ಇಲ್ಲ, ಎಂಟು ಮುಖದ ಹರಳು ಬರುವುದಿಲ್ಲ. ಬಣ್ಣ ಬೆರೆಸಿದ ರೆಡಿಮೇಡ್ ಕಿಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ನೀಲಿ ಹರಳಿನ ಆಸೆಗೆ ಮೈಲುತುತ್ತು ತರುವುದಂತೂ ಮನೆಯಲ್ಲಿ ಬೇಡವೇ ಬೇಡ, ಅದು ವಿಷ.

ಸ್ಟೀಲ್ ಪಾತ್ರೆಯಲ್ಲಿ 200 ಮಿಲಿ ಫಿಲ್ಟರ್ ನೀರು ಬಿಸಿ ಮಾಡಿ, 60 ಗ್ರಾಂ ಪಟಿಕದ ಪುಡಿ ಕರಗಿಸಿ. ದೊಡ್ಡವರು ಪಕ್ಕದಲ್ಲಿರಲಿ. ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಿ, ಒಂದು ರಾತ್ರಿ ಬಿಡಿ.

ಬೆಳಿಗ್ಗೆ ತಳದಲ್ಲಿ ಪುಟ್ಟ ಹರಳುಗಳಿರುತ್ತವೆ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಪಟಿಕ ಕರಗಿಸಿಕೊಳ್ಳುತ್ತದೆ, 20 ಡಿಗ್ರಿಯಲ್ಲಿ ಬರೀ 14 ಗ್ರಾಂ. ತಣಿದಾಗ ಹೆಚ್ಚಾದದ್ದು ಹೊರಗೆ ಬರಲೇಬೇಕು. ಇನ್ನು ಕರಗಿಸಿಕೊಳ್ಳಲಾರದಷ್ಟು ತುಂಬಿದ ದ್ರಾವಣವೇ ಪಾಠದಲ್ಲಿ ಬರುವ ಪರ್ಯಾಪ್ತ ದ್ರಾವಣ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ದೊಡ್ಡ ಹರಳು ಬೆಳೆಯಲು ಬೀಜಕ್ಕೆಂದು ಒಂದು ಪುಟ್ಟ ಹರಳು ಆರಿಸಿ, ದಾರಕ್ಕೆ ಕಟ್ಟಿ, ದ್ರಾವಣದಲ್ಲಿ ತೂಗು ಬಿಡುತ್ತಾರೆ. ಮಧ್ಯಾಹ್ನ ನೋಡಿದರೆ ಬರೀ ದಾರ! ಬೆಳಗಿನ ತಂಪಿನಲ್ಲಿ ಪರ್ಯಾಪ್ತವಾಗಿದ್ದ ದ್ರಾವಣಕ್ಕೆ ಬಿಸಿಲೇರಿದಾಗ ಮತ್ತೆ ಹಸಿವು, ಬೀಜವನ್ನೇ ಕರಗಿಸಿರುತ್ತದೆ. ಅದಕ್ಕೇ ತಳದ ಹರಳುಗಳನ್ನು ಮಧ್ಯಾಹ್ನದವರೆಗೆ ದ್ರಾವಣದಲ್ಲೇ ಬಿಡಿ. ಆಗಾಗ ಕಲಕಿ. ಮೂರು ಗಂಟೆಯ ಸೆಕೆಯಲ್ಲೂ ತಳದಲ್ಲಿ ಹರಳು ಉಳಿದಿರಬೇಕು. ಆಮೇಲೆ ಮೇಲಿನ ತಿಳಿಯನ್ನಷ್ಟೇ ಒಣಗಿದ ಗಾಜಿನ ಲೋಟಕ್ಕೆ ಬಗ್ಗಿಸಿ. ಬೀಜವನ್ನು ಸಂಜೆ ಇಳಿಬಿಡಿ.

ಬೀಜ ಕಡಲೆಬೇಳೆಯಷ್ಟಿರಲಿ, ಅಂಚು ಚೂಪಾಗಿರಲಿ. ಎರಡು ಹರಳು ಅಂಟಿಕೊಂಡದ್ದು ಬೇಡ. ಹತ್ತಿಯ ದಾರ ಬೇಡ, ಅದರ ಎಳೆ ಎಳೆಗೂ ಹರಳು ಹಿಡಿಯುತ್ತದೆ. ಸಪೂರ ನೈಲಾನ್ ದಾರ ತನ್ನಿ. ಬೀಜ ಗಾಜಿಗೂ ತಳಕ್ಕೂ ತಾಗಬಾರದು. ಬಾಯಿಗೆ ತಟ್ಟೆ ಮುಚ್ಚಿದರೆ ನೀರು ಆರುವುದಿಲ್ಲ, ಕಾಗದ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ.

ಫ್ರಿಜ್‌ನಲ್ಲಿಟ್ಟರೆ ಬೇಗ ಆಗುತ್ತದೆ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಆಗುವುದು ನಿಜ, ಒಂದರ ಬದಲು ನೂರು ಚೂರು. ಬಸ್ಸಿಗೆ ಒಬ್ಬೊಬ್ಬರಾಗಿ ಹತ್ತಿದರೆ ಸೀಟು ಸಿಗುವ ಹಾಗೆ, ನಿಧಾನವಾಗಿ ಬಂದು ಕೂತ ಕಣಗಳಿಗಷ್ಟೇ ಸಾಲಿನಲ್ಲಿ ಸರಿಯಾದ ಜಾಗ.

ಆಮೇಲಿನ ಕೆಲಸ ಸುಲಭ. ಲೋಟ ಅಲ್ಲಾಡಿಸಬೇಡಿ. ತಳದಲ್ಲಿ ಮರಿ ಹರಳು ಕಂಡರೆ ದೊಡ್ಡದನ್ನು ಎತ್ತಿ ಹಿಡಿದು, ದ್ರಾವಣ ಸೋಸಿ ಮತ್ತೆ ಇಳಿಬಿಡಿ. ಎರಡು ಮೂರು ವಾರ ಬೇಕು, ಹಾಗಾಗಿ ಫೆಬ್ರುವರಿ ಮೊದಲ ವಾರವೇ ಶುರು ಮಾಡಿ.

ತೆಗೆದ ಹರಳನ್ನು ನೀರಿನಲ್ಲಿ ತೊಳೆಯಬೇಡಿ, ಟಿಶ್ಯೂ ಕಾಗದದಲ್ಲಿ ಒತ್ತಿ. ಪಟಿಕದ ಹರಳಿನೊಳಗೆ ನೀರಿನ ಅಣುಗಳೂ ಇವೆ. ಒಣಹವೆಯಲ್ಲಿ ಅವು ಹೊರಟುಹೋದರೆ ಮೈ ಬೆಳ್ಳಗಾಗುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಕೋಟ್ ಬಳಿದಿಡಿ.