ಒಬ್ಬರೇ ಐವತ್ತು ದಿನ ತಿರುಗಾಡಲು ಮನೆಯಲ್ಲಿ ಒಪ್ಪಿಸೋದು ಹೇಗೆ?

"ಸುಮ್ನೆ ತಿರುಗಾಡಿ ಬರ್ತೀನಿ" ಅಂತ ಮಾತ್ರ ಅನ್ನಬೇಡಿ. ನಮ್ಮ ಕಲಬುರಗಿ ಕಡೆ ಇಪ್ಪತ್ಮೂರರ ಹುಡುಗ ಹಾಗಂದರೆ ಕೆಲಸ ಹೋಗಿದೆ ಅಂತ ಅರ್ಥ, ಹುಡುಗಿ ಅಂದರೆ ಇನ್ನೂ ಹತ್ತು ಅರ್ಥ ಹುಟ್ಟುತ್ತವೆ. ನಾನು ಹೇಳಿದಾಗ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸದೇ "ಮಂದಿ ಏನಂತಾರ?" ಅಂದಳು. ಅಪ್ಪ ಕೇಳಿದ್ದು ಒಂದೇ: "ವಾಪಸ್ ಯಾವಾಗ?"

ಅದಕ್ಕೇ ವಾಪಸ್ ಬರೋ ಟಿಕೆಟ್ ಮೊದಲು ತೋರಿಸಿ. ರೈಲಿನಲ್ಲಿ 60 ದಿನ ಮುಂಚೆ ಮಾತ್ರ ಬುಕಿಂಗ್ ಸಿಗುತ್ತೆ, ಹಾಗಾಗಿ ಮೊದಲ ಸಲ ಐವತ್ತು ದಿನ ಸಾಕು.

ಅದಕ್ಕೂ ಮುಂಚೆ ಮೂರು ದಿನ ಬೀದರಿಗೆ ಒಬ್ಬರೇ ಹೋಗಿ ಬನ್ನಿ. 2017ರಿಂದ ನೇರ ರೈಲು ಮಾರ್ಗ ಇದೆ, ಸುಮಾರು 110 ಕಿಲೋಮೀಟರ್. ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಊಟ ಮಾಡಿ, ಅಲ್ಲಿಂದಲೇ ಮನೆಗೆ ವಿಡಿಯೋ ಕಾಲ್ ಮಾಡಿ. ತಟ್ಟೆ ಕಂಡರೆ ಅವ್ವನ ಅರ್ಧ ಚಿಂತೆ ಹೋಗುತ್ತೆ.

ವಾದಕ್ಕೆ ಇಳಿದರೆ ಗುರುನಾನಕರ ಹೆಸರು ಹೇಳಿ, ಪಂಜಾಬಿನಿಂದ ಬೀದರಿನವರೆಗೂ ಬಂದಿದ್ದರು ಅಂತಾರಲ್ವಾ. ನಮ್ಮ ಕಲಬುರಗಿಯ ಸೂಫಿ ಸಂತ ಬಂದೇನವಾಜರ ಹೆಸರು ಬೇಡ, ಅವರು ದೆಹಲಿ ಬಿಟ್ಟು ಇಲ್ಲಿಗೆ ಬಂದಾಗ ಎಂಬತ್ತರ ಆಸುಪಾಸು, "ಹಂಗಾದ್ರ ನೀನೂ ಎಂಬತ್ತಾದ ಮ್ಯಾಲ ಹೋಗು" ಅಂತಾರೆ.

ಕಾಕಾ, ಅತ್ತಿ ಎಲ್ಲರಿಗೂ ಹೇಳುತ್ತಾ ಕೂರಬೇಡಿ. ಕೇಳಿದವರಿಗೆ ತಾರೀಕು ಹೇಳಿದರೆ ಸಾಕು.

ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರೆ ಭಾರ ಅಂತ ಬಿಡಬೇಡಿ. ಆ ಗಂಟು ಕಟ್ಟಿದಳು ಅಂದರೆ ಒಪ್ಪಿದಳು ಅಂತಲೇ ಲೆಕ್ಕ.